ಪ್ರೊಫೆಸರ್ ಕುಲಿಕ್ ಅವರ ನೀರಿನ ಸೋಮವಾರ

ಸಮಾರಂಭದ ದಿನ ಗೊತ್ತು ಮಾಡಿದವರು ದೊಡ್ಡ ನಗರ ಕುರಿತೀಬಾದ ಯಾವುದೋ ಕಚೇರಿಯವರು. ಈಸ್ಟರ್ ಹಬ್ಬದ ಮರುದಿನ, ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಅವರ ಕ್ಯಾಲೆಂಡರಿನಲ್ಲಿ ಅದು ಬರೀ ಸೋಮವಾರ. ಬೆಚ್ಚಗೆ ಹೊದ್ದು ಮಲಗಿದ್ದಾಗ ಕುತ್ತಿಗೆಯೊಳಕ್ಕೆ ತಣ್ಣೀರು ಸುರಿಸಿಕೊಂಡು ಎದ್ದ ಅನುಭವ ಆ ಕಚೇರಿಯಲ್ಲಿ ಒಬ್ಬರಿಗೂ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಕಂಪಿನಾ ಎಂಬ ಈ ಹಳ್ಳಿಯಲ್ಲಿ, ಅದೂ ಆ ದಿನ, ಅದೂ ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಮುಂಚೆ, ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು ಕೂರುವ ಸಮಾರಂಭ ಇಟ್ಟುಕೊಳ್ಳುವ ಧೈರ್ಯ ಯಾರಿಗಿತ್ತು?

ಕಂಪಿನಾದಲ್ಲಿ ಅದು ನೀರಿನ ಸೋಮವಾರ. ಮುತ್ತಜ್ಜಂದಿರು ಪೋಲೆಂಡಿನಿಂದ ಹಡಗು ಹತ್ತಿ ಸಮುದ್ರ ದಾಟಿ ಈ ನಾಡಿಗೆ ಬರುವಾಗ ತಂದದ್ದರಲ್ಲಿ ಬಹಳಷ್ಟು ಕಾಡು ಕಡಿಯುವುದರಲ್ಲೇ ಕಳೆದುಹೋಯಿತು, ಇದೊಂದು ಹೋಗಲಿಲ್ಲ. ಬೆಳಗಿನಿಂದ ಊರಿಗೆ ಊರೇ ಬಕೆಟ್ಟು, ಕೊಡ, ಮಗ್ಗು ಹಿಡಿದು ಹೊಂಚು ಹಾಕುತ್ತದೆ. ಪ್ರೀತಿ ಇದ್ದವರ ಮೇಲೆ ಸುರಿಯುತ್ತಾರೆ, ಮಾತು ಬಿಟ್ಟವರನ್ನು ಒಣಗಲು ಬಿಡುತ್ತಾರೆ. ಚರ್ಚಿನಲ್ಲಿ ಹನ್ನೆರಡರ ಗಂಟೆ ಹೊಡೆಯಿತೋ, ಮುಗಿಯಿತು. ಅಷ್ಟರೊಳಗೆ ನೆನೆಯದೆ ಉಳಿದವರು ಆ ವರ್ಷ ಯಾರಿಗೂ ಬೇಡವಾದವರು ಎಂದು ಲೆಕ್ಕ. ಬೇಲಿಯ ಜಗಳದಲ್ಲಿ ಊರನ್ನೆಲ್ಲ ಎದುರು ಹಾಕಿಕೊಂಡಿದ್ದ ಒತೀಲಿಯಾ ಒಂದು ವರ್ಷ ಹೊಸ ಲಂಗ ಉಟ್ಟು ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಳು. ಒಬ್ಬರೂ ಅತ್ತ ಸುಳಿಯಲಿಲ್ಲ. ಹನ್ನೆರಡಾಗುತ್ತ ಬಂದಾಗ ಅವಳು ಸೆರಗಿಲ್ಲದ ಆ ಊರಿನಲ್ಲಿ ಲಂಗದ ಅಂಚಿಗೇ ಮುಖ ಒರೆಸಿಕೊಂಡು ಗೊಳೋ ಎಂದು ಅತ್ತಳಂತೆ. ಕೊನೇ ಗಳಿಗೆಯಲ್ಲಿ ಬೇಲಿಯಾಚೆಯ ಜೆನೊವೇವಾ ಒಂದು ಕೊಡ ತಂದು ಅವಳ ನೆತ್ತಿಯ ಮೇಲೆ ಕವುಚಿದಳು. ಬೇಲಿ ಇವತ್ತಿಗೂ ಸೊಟ್ಟಗೇ ಇದೆ, ಗೆಳೆತನ ಮಾತ್ರ ನೆಟ್ಟಗಿದೆ.

ಈ ಜೆನೊವೇವಾಳ ಅಣ್ಣನೇ ಪ್ರೊಫೆಸರ್ ಲಾದಿಸ್ಲಾವ್ ಕುಲಿಕ್. ಇದೇ ಊರಿನ ಮರದ ಶಾಲೆಯಲ್ಲಿ ಅಕ್ಷರ ಕಲಿತು, ಕುರಿತೀಬಾದ ವಿಶ್ವವಿದ್ಯಾಲಯದಲ್ಲಿ ಪೋಲಿಷ್ ಭಾಷೆಗೆ, ಚರಿತ್ರೆಗೆ, ಹಾಡಿಗೆ, ಹಬ್ಬಕ್ಕೆ ಒಂದು ವಿಭಾಗವನ್ನೇ ಕಟ್ಟಿದವನು. ಅವನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಆ ವಿಭಾಗವೇ ಮನೆ, ಅದೇ ಸಂಸಾರ. ವರ್ಷ ವರ್ಷವೂ ಕಂಪಿನಾದ ಇಬ್ಬರು ಮಕ್ಕಳನ್ನು ಪೋಲೆಂಡಿನ ಕ್ರಾಕೋವ್ ಊರಿಗೆ ಓದಲು ಕಳಿಸುವುದು, ಅಲ್ಲಿಂದ ಇಬ್ಬರನ್ನು ಕರೆಸಿ ಇಲ್ಲಿಯ ಮನೆಗಳಲ್ಲಿ ಇರಿಸುವುದು ಅವನು ಹಾಕಿಕೊಟ್ಟ ಪದ್ಧತಿ. ಅಲ್ಲಿಂದ ಬಂದ ಮಕ್ಕಳು ಜೆನೊವೇವಾಳ ಹಸು ಕರೆದು, ಅವಳ ಕೈಯಲ್ಲಿ ಬೈಸಿಕೊಂಡು, ಪಿಯೆರೋಗಿ ಕಡುಬಿನ ಅಂಚು ಮಡಚಲು ಕಲಿತು, ಹೋಗುವಾಗ ಅವಳ ಕೊರಳಿಗೆ ಜೋತುಬಿದ್ದು ಅಳುತ್ತಿದ್ದರು.

ಇಷ್ಟೆಲ್ಲ ದೊಡ್ಡ ಮನುಷ್ಯ ನೀರಿನ ಸೋಮವಾರ ಮಾತ್ರ ಪುಂಡ ಹುಡುಗನಾಗಿಬಿಡುತ್ತಿದ್ದ. ಕತ್ತಲಿರುವಾಗಲೇ ಕುರಿತೀಬಾ ಬಿಟ್ಟು ಬಂದು, ಕಾರನ್ನು ದೂರದಲ್ಲೇ ನಿಲ್ಲಿಸಿ, ತಂಗಿಯನ್ನು ಹಿಡಿಯುತ್ತಿದ್ದ. ಒಂದು ವರ್ಷ ಅಡುಗೆಮನೆಯ ಕಿಟಕಿಯಿಂದ, ಒಂದು ವರ್ಷ ಸೌದೆ ರಾಶಿಯ ಹಿಂದಿನಿಂದ. ಕೊನೆಯ ವರ್ಷ ಕೋಳಿಗೂಡಿನಲ್ಲಿ ಬಗ್ಗಿ ಕೂತಿದ್ದ, ಎಪ್ಪತ್ತು ದಾಟಿದ ಗಂಡಸು. ಕೈಯಲ್ಲಿ ಬಾಯಿಯಂಚಿನ ಬಣ್ಣ ಎದ್ದುಹೋದ ಒಂದು ನೀಲಿ ಮಗ್ಗು. ಅವನು ತಲೆಯ ಮೇಲೆ ಹಾಕುವವನಲ್ಲ. ಹಿಂದಿನಿಂದ ಬಂದು ಕಾಲರು ಎಳೆದು ಬೆನ್ನಿನೊಳಕ್ಕೆ ಸುರಿಯುತ್ತಿದ್ದ, ಪಾಪಿ.

ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಆಸ್ಪತ್ರೆಯಲ್ಲಿ ತಂಗಿಯ ಕೈ ಹಿಡಿದು ಹೇಳಿದ್ದು ಒಂದೇ ಮಾತು.

"ಗೆನ್ಯಾ, ಆ ಮಕ್ಕಳ ಓಡಾಟ ಒಂದು ನಿಲ್ಲಬಾರ್ದು ಕಣೇ."

"ನಿಲ್ಲಲ್ಲ. ನೀನ್ ಸುಮ್ನೆ ಮಲಕ್ಕೊ."

ಮಾತು ಕೊಟ್ಟದ್ದು ಸುಲಭ. ಆದರೆ ಆ ಓಡಾಟದ ಇನ್ನೊಂದು ತುದಿ ಇದ್ದದ್ದು ಕ್ರಾಕೋವಿನ ಪ್ರೊಫೆಸರ್ ಬೊಗುಮಿಲಾ ಸಿಕೋರಾ ಎಂಬಾಕೆಯ ಕೈಯಲ್ಲಿ. ಮಕ್ಕಳನ್ನು ಕಳಿಸುತ್ತಿದ್ದದ್ದೂ ಬರಮಾಡಿಕೊಳ್ಳುತ್ತಿದ್ದದ್ದೂ ಆಕೆಯೇ. ವಿಮಾನವೆಂದರೆ ಹೆದರಿಕೆಯಂತೆ, ಲಾದಿಸ್ಲಾವ್ ಎಷ್ಟು ಕರೆದರೂ ಈ ಕಡೆಗೆ ಬಂದವಳಲ್ಲ. ಈಗ ಹಳೆಯ ಶಾಲೆಗೆ ಅವನ ಹೆಸರಿಡುತ್ತಾರೆಂದು ಕೇಳಿ, ಹೆದರಿಕೆ ನುಂಗಿಕೊಂಡು ಬರುತ್ತಿದ್ದಳು. ಕಂಪಿನಾವನ್ನು ಕಣ್ಣಾರೆ ನೋಡಿ, ಲಾದಿಸ್ಲಾವ್ ಇಲ್ಲದ ಮೇಲೂ ಇದನ್ನು ನಡೆಸುವುದೋ ಬಿಡುವುದೋ ಹೇಳುತ್ತೇನೆ ಎಂದು ಮುಂಚೆಯೇ ತಿಳಿಸಿದ್ದಳು.

ಅಂಥವಳು ನೀರಿನ ಸೋಮವಾರವೇ ಬರುತ್ತಾಳೆಂದು ಜೆನೊವೇವಾಳಿಗೆ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. ಕೆಲವು ವರ್ಷದ ಹಿಂದೆ ಊರಿಗೆ ಹೊಸದಾಗಿ ಬಂದ ಡಾಕ್ಟರೊಬ್ಬರಿಗೆ ನೀರಿನ ಸೋಮವಾರ ಎರಡು ಬಕೆಟ್ಟು ಪ್ರೀತಿ ಸಿಕ್ಕಿತ್ತು. ಅವರು ಅದೇ ಒದ್ದೆ ಬಟ್ಟೆಯಲ್ಲಿ ಕಾರು ಹತ್ತಿ ಹೋದವರು ಮತ್ತೆ ಬರಲೇ ಇಲ್ಲ.

ಹಾಗಾಗಿ ಈಸ್ಟರ್ ಪೂಜೆ ಮುಗಿದದ್ದೇ ತಡ, ಜೆನೊವೇವಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಊರಿನವರಿಗೆಲ್ಲ ಕೇಳುವಂತೆ ಹೇಳಿದಳು.

"ನಾಳೆ ಒಂದು ಹನಿನೂ ಬೀಳಬಾರ್ದು. ಯಾರ್ ಮೇಲೂ."

"ಅಯ್ಯೋ, ನಮ್ ನಮ್ ಮೇಲೂ ಬೇಡ್ವಾ?" ಎಂದಳು ಒತೀಲಿಯಾ.

"ಬೇಡ. ನೀವು ಶುರು ಹಚ್ಕೊಂಡ್ರೆ ನಿಲ್ಲಿಸೋರು ಯಾರು? ನಿನ್ ಕೈ ನನಗೊತ್ತಿಲ್ವಾ."

"ಒಂದು ಲೋಟ, ಸುಮ್ನೆ ಶಾಸ್ತ್ರಕ್ಕೆ?"

"ಒತೀಲಿಯಾ."

"ಆಯ್ತಮ್ಮ, ಆಯ್ತು. ನಾನು ಬಾಯಿಗೂ ನೀರು ಹಾಕ್ಕೊಳಲ್ಲ, ಸಾಕಾ?"

ಪಾದ್ರಿ ಇರಿನೇವು ಊರಿನ ಬಕೆಟ್ಟುಗಳನ್ನೆಲ್ಲ ಚರ್ಚಿನ ಉಗ್ರಾಣಕ್ಕೆ ತರಿಸಿ ಬೀಗ ಜಡಿದು, ಬೀಗದ ಕೈಯನ್ನು ನಿಲುವಂಗಿಯ ಜೇಬಿಗೆ ಇಳಿಸಿದರು. ಅವರ ಮುಖವೂ ಸಪ್ಪಗಿತ್ತು. ಆ ದಿನ ಅತಿ ಹೆಚ್ಚು ನೆನೆಯುತ್ತಿದ್ದವರು ಅವರೇ.

ಸೋಮವಾರ ಬೆಳಗಾಯಿತು. ಜೆನೊವೇವಾ ಎದ್ದು ಹಸು ಕರೆದಳು, ಕೋಳಿಗೂಡಿನ ಬಾಗಿಲು ತೆಗೆದಳು, ಒಳಗೊಂದು ಸಲ ಇಣುಕಿಯೂ ನೋಡಿದಳು. ಕೋಳಿಗಳಿದ್ದವು, ಅಷ್ಟೆ. ಅಡುಗೆಮನೆಯ ಕಿಟಕಿಯನ್ನು ಸುಮ್ಮನೆ ತೆರೆದಿಟ್ಟು ಅದಕ್ಕೆ ಬೆನ್ನು ಹಾಕಿ ನಿಂತು ಮಾತೆ ಎಂಬ ಕಾಡುಸೊಪ್ಪಿನ ಕಷಾಯ ಹೀರಿದಳು. ತಾನೇ ಬೇಡವೆಂದ ಮೇಲೆ ಯಾರು ಬರುತ್ತಾರೆ? ಬೇಡವೆನ್ನದಿದ್ದರೂ ಅವನಂತೂ ಬರುತ್ತಿರಲಿಲ್ಲ. ಅವಳಿಗೆ ಅಳು ಬಂತು, ಒಂದಿಷ್ಟು ಅತ್ತಳು, ಮುಖ ತೊಳೆದು ಒಳ್ಳೆಯ ಲಂಗ ಉಟ್ಟುಕೊಂಡಳು.

ಬೊಗುಮಿಲಾ ಕಾರಿನಿಂದಿಳಿದಾಗ ಊರೆಲ್ಲ ಗಂಜಿ ಹಾಕಿದ ಬಟ್ಟೆಯಲ್ಲಿ ಸಾಲಾಗಿ ನಿಂತಿತ್ತು. ಎತ್ತರದ ಹೆಂಗಸು, ಬೂದು ಕೋಟು, ದಪ್ಪ ಗಾಜಿನ ಕನ್ನಡಕ. ಕಂಕುಳಲ್ಲಿ ಉಬ್ಬಿದ ಒಂದು ಚರ್ಮದ ಚೀಲ. ಅದನ್ನು ಹೊರಲು ಪೋಲೆಂಡಿನ ಕಾನ್ಸುಲೇಟ್ ಕಚೇರಿಯಿಂದ ಜೊತೆಗೆ ಬಂದಿದ್ದ ತರುಣ ಕೈ ಚಾಚಿದರೂ ಕೊಡಲಿಲ್ಲ.

"ಕಾಗದ ಪತ್ರ ಇರ್ಬೇಕು ಕಣೇ," ಎಂದು ಒತೀಲಿಯಾ ಪಿಸುಗುಟ್ಟಿದಳು. "ನಿಮ್ ಅಣ್ಣನ ಇಡೀ ಜಾತಕ ಅದರೊಳಗಿದೆ."

ಜೆನೊವೇವಾ ಅತಿಥಿಯನ್ನು ಬರಮಾಡಿಕೊಳ್ಳುವ ಶಾಸ್ತ್ರಕ್ಕೆ ಬ್ರೆಡ್ಡು, ಉಪ್ಪು ಇಟ್ಟ ತಟ್ಟೆ ಮುಂದೆ ಹಿಡಿದಳು. ಬೊಗುಮಿಲಾ ಒಂದು ತುಣುಕು ಮುರಿದು ಉಪ್ಪಿಗೆ ಅದ್ದಿ ಬಾಯಿಗೆ ಹಾಕಿಕೊಂಡು, ಆಮೇಲೆ ಕಣ್ಣು ಮುಚ್ಚಿ, ಭುಜ ಕುಗ್ಗಿಸಿ, ಒಂದು ಗಳಿಗೆ ಹಾಗೇ ನಿಂತಳು. ಪ್ರಾರ್ಥನೆಯಿರಬೇಕೆಂದು ಎಲ್ಲರೂ ತಲೆ ಬಗ್ಗಿಸಿದರು. ಅವಳು ಒಂದೇ ಕಣ್ಣು ತೆರೆದು ನೋಡಿದಳು. ಎಲ್ಲರೂ ತಲೆ ಬಗ್ಗಿಸಿಯೇ ಇದ್ದರು.

ಅವಳ ನಡಿಗೆಯೂ ವಿಚಿತ್ರವಾಗಿತ್ತು. ಪ್ರತಿ ಕಿಟಕಿಯ ಕೆಳಗೂ ನಿಲ್ಲುವಳು, ಮೇಲೆ ನೋಡುವಳು. ಮನೆಯ ಮೂಲೆ ಬಂದರೆ ನಿಧಾನವಾಗಿ ಹೆಜ್ಜೆ ಹಾಕುವಳು. ಬಾವಿಯ ಹತ್ತಿರವಂತೂ ಬೆನ್ನು ತಿರುಗಿಸಿ ನಿಂತೇಬಿಟ್ಟಳು.

"ನೀರು ತುಂಬಾ ತಣ್ಣಗಿರುತ್ತಾ?" ಎಂದು ಕೇಳಿದಳು.

"ತುಂಬಾ ತಣ್ಣಗಿರತ್ತೆ. ಅಲ್ಲಿ ಜಾರುತ್ತೆ, ಈ ಕಡೆ ಬನ್ನಿ," ಎಂದು ಜೆನೊವೇವಾ ಗಾಬರಿಯಿಂದ ಅವಳ ಮೊಣಕೈ ಹಿಡಿದು ಆಚೆಗೆ ಕರೆದುಕೊಂಡು ಹೋದಳು. ಬೊಗುಮಿಲಾಳ ಮುಖ ಸ್ವಲ್ಪ ಇಳಿಯಿತು. ಪ್ರಯಾಣದ ಸುಸ್ತು ಎಂದುಕೊಂಡಳು ಜೆನೊವೇವಾ. ಇಷ್ಟು ವರ್ಷ ಆ ಊರಿನಲ್ಲಿ ಬದುಕಿದವಳಿಗೆ, ಒತೀಲಿಯಾಳ ಆ ಜಗಲಿಯನ್ನು ಕಂಡವಳಿಗೆ, ಇದು ಹೊಳೆಯಬಾರದೇ? ಹೊಳೆಯಲಿಲ್ಲ. ಹೆದರಿಕೆ ಹಾಗೆ ಕಣ್ಣು ಕಟ್ಟುತ್ತದೆ.

ಶಾಲೆಯ ಮುಂದೆ ಕುರ್ಚಿ ಹಾಕಿದ್ದರು. ಗೋಡೆಯ ಹಿತ್ತಾಳೆ ಫಲಕಕ್ಕೆ ಕೆಂಪು ಬಿಳಿ ಬಟ್ಟೆಯ ಪರದೆ. ಪಕ್ಕದ ಮೇಜಿನ ಮೇಲೆ ಲಾದಿಸ್ಲಾವನ ಟೋಪಿ, ಕನ್ನಡಕ, ಆ ನೀಲಿ ಮಗ್ಗು. ಮಗ್ಗನ್ನು ಒಂದು ಕಸೂತಿ ಬಟ್ಟೆಯ ಮೇಲೆ ಕೂರಿಸಿದ್ದರು, ಪಾಪ, ಅದಕ್ಕೆ ಅಂಥ ಅಭ್ಯಾಸವೇ ಇಲ್ಲ. ಮೇಯರು ಮಾತಾಡಿದರು. ಮಾತಾಡುತ್ತಲೇ ಇದ್ದರು. ವಿಶ್ವವಿದ್ಯಾಲಯದವರೊಬ್ಬರು ಓದಿದರು. ಮತ್ತೆ ಮೇಯರು ಎದ್ದು, ಮೊದಲೇ ಹೇಳಲು ಮರೆತದ್ದನ್ನು ಹೇಳತೊಡಗಿದರು.

ಬೇಯಿಸಿದ ಪಿನ್ಯಾವ್ ಎಂಬ ಪೈನ್ ಮರದ ಬೀಜ ಇಳಿಸಿದರೋ ಇಲ್ಲವೋ ನೋಡೋಣವೆಂದು ಜೆನೊವೇವಾ ಶಾಲೆಯ ಹಿಂದಿನ ಅಡುಗೆಕೋಣೆಗೆ ಬಂದಳು. ಕಿಟಕಿಯಾಚೆ ಯಾರೋ ಪೋಲಿಷಿನಲ್ಲಿ ಮಾತಾಡುತ್ತಿದ್ದರು. ಕಾಲಿಗೆ ಜೋಮು ಹಿಡಿಯಿತೆಂದು ಬೊಗುಮಿಲಾ ಎದ್ದು ಬಂದಿದ್ದಳು, ಜೊತೆಗೆ ಆ ತರುಣ.

"ಹನ್ನೆರಡಾಗೋಕೆ ಬಂತು," ಎನ್ನುತ್ತಿದ್ದಳು ಬೊಗುಮಿಲಾ. "ಒಂದು ಹನಿನೂ ಬೀಳಲಿಲ್ಲ."

"ಗೌರವ ಮೇಡಂ. ನೀವು ದೊಡ್ಡೋರು ಅಂತ."

"ಗೌರವಕ್ಕಾಗಿ ನಾನು ಸಮುದ್ರ ದಾಟಿ ಬಂದ್ನಾ? ವಿಮಾನದಲ್ಲಿ ಕಣ್ಣು ಮುಚ್ಕೊಂಡು ಬಂದೆ. ನಮ್ಮೂರಿಗೆ ಬಂದೋರನ್ನ ಒಣಗಿಸಿ ಕಳಿಸಲ್ಲ, ಬಂದ ದಿನವೇ ಮನೆಯವರಾಗಿಬಿಡ್ತಾರೆ ಅಂತ ಲಾದಿಸ್ಲಾವ್ ಹೇಳ್ತಿದ್ರು. ನೋಡು, ಎಷ್ಟು ದೂರ ನಿಲ್ತಾರೆ. ನಾನಿವರಿಗೆ ಯಾರೂ ಅಲ್ಲ. ಇದ್ದದ್ದೆಲ್ಲ ಅವರೊಬ್ಬರಲ್ಲೇ ಇತ್ತು, ಅವರ ಜೊತೆಗೇ ಹೋಯ್ತು ಅನ್ಸುತ್ತೆ."

"ಹಾಗಾದ್ರೆ ಮಕ್ಕಳು?"

"ಮಕ್ಕಳನ್ನ ಯಾಕೆ ಕಳಿಸ್ಲಿ? ನಯವಾಗಿ ಮಾತಾಡಿ ದೂರ ಕೂರೋ ಜನ ಕ್ರಾಕೋವಲ್ಲೂ ಇದ್ದಾರೆ."

ಜೆನೊವೇವಾಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಬಿತ್ತು. ಆ ಕಿಟಕಿಗಳು, ಆ ಮೂಲೆಗಳು, ಬಾವಿಯ ಹತ್ತಿರ ಬೆನ್ನು ತಿರುಗಿಸಿ ನಿಂತದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಜಗಲಿಯ ಮೇಲಿನ ಒತೀಲಿಯಾಳ ಹಾಗೆ ಆಕೆ ಬೆಳಗಿನಿಂದ ಕಾದಿದ್ದಾಳೆ. ಕಾಯಿಸಿದವಳು ತಾನು. ಅಣ್ಣ ಜೀವನವಿಡೀ ತೆರೆದಿಟ್ಟ ಬಾಗಿಲಿಗೆ ತಾನೇ ಕೈಯಾರೆ ಬೀಗ ಹಾಕಿಸಿ ಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

ಹೊರಗೆ ಬಂದು ನೋಡಿದರೆ, ಬೊಗುಮಿಲಾ ಮರಳಿ ತನ್ನ ಕುರ್ಚಿಯಲ್ಲಿ ಕೂತಾಗಿತ್ತು. ಮೇಯರು ಇನ್ನೂ ಮಾತಾಡುತ್ತಿದ್ದರು. ಪಾದ್ರಿ ಇರಿನೇವು ಗಂಟೆಯ ಹಗ್ಗ ಎಳೆಯಲು ಮೆಲ್ಲಗೆ ಎದ್ದು ಚರ್ಚಿನ ಕಡೆ ಹೊರಟಿದ್ದರು, ಬೀಗದ ಕೈ ಅವರ ಜೇಬಿನಲ್ಲಿ. ಬಕೆಟ್ಟಿಲ್ಲ, ಕೊಡವಿಲ್ಲ. ಆದರೆ ಶಾಲೆಯ ಸೂರಿನ ಕೆಳಗೆ ಮಳೆನೀರಿನ ಪೀಪಾಯಿ ಇತ್ತು. ಅದಕ್ಕೆ ಬೀಗ ಹಾಕಲು ಯಾರಿಗೂ ತೋಚಿರಲಿಲ್ಲ. ಜೆನೊವೇವಾ ಸೀದಾ ಮೇಜಿನ ಹತ್ತಿರ ಹೋಗಿ, ಕಸೂತಿ ಬಟ್ಟೆಯ ಮೇಲಿಂದ ನೀಲಿ ಮಗ್ಗು ಎತ್ತಿಕೊಂಡಳು.

"ಏನ್ ಮಾಡ್ತಿದ್ದೀಯೇ?" ಎಂದು ಒತೀಲಿಯಾ ಅವಳ ಲಂಗ ಜಗ್ಗಿದಳು.

"ಮಾಡಬೇಕಾದ್ದು. ಬಿಡು."

ಪೀಪಾಯಿಯಿಂದ ಮಗ್ಗು ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಕುರ್ಚಿಗಳ ನಡುವೆ ನಡೆದು ಬಂದಳು. ಮೇಯರು, ಕುಡಿಯಲು ತನಗೇ ತರುತ್ತಿದ್ದಾಳೆಂದು ತಿಳಿದು ಕೈ ಚಾಚಿದರು. ಅವಳು ಅವರನ್ನು ದಾಟಿ ಹೋಗಿ, ಪ್ರೊಫೆಸರ್ ಬೊಗುಮಿಲಾ ಸಿಕೋರಾ ಅವರ ನೆತ್ತಿಯ ಮೇಲೆ ಇಡೀ ಮಗ್ಗನ್ನು ಬಗ್ಗಿಸಿದಳು.

ಬೊಗುಮಿಲಾಳ ಕೂದಲು ಹಣೆಗೆ ಅಂಟಿತು, ಕನ್ನಡಕದಿಂದ ನೀರು ತೊಟ್ಟಿಕ್ಕಿತು, ಬೂದು ಕೋಟು ಕಪ್ಪಾಯಿತು. ಡಾಕ್ಟರು ಹೋದ ದಾರಿಯನ್ನೇ ಎಲ್ಲರೂ ಮನಸ್ಸಿನಲ್ಲಿ ನೋಡುತ್ತಿದ್ದರು. ಅವಳು ನಿಧಾನವಾಗಿ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೆರೆದಳು. ಒಳಗಿಂದ ಒಂದು ಟವೆಲ್ಲು ತೆಗೆದಳು. ಆಮೇಲೆ ಇನ್ನೊಂದು ಟವೆಲ್ಲು. ಉಣ್ಣೆಯ ಕಾಲುಚೀಲ, ಮಡಚಿಟ್ಟ ಒಂದು ಒಣ ಸ್ವೆಟರು.

"ಎರಡು ಟವೆಲ್ ತಗೊಂಡು ಬನ್ನಿ, ಒಂದು ಸಾಲಲ್ಲ ಅಂತ ಲಾದಿಸ್ಲಾವ್ ಹೇಳಿದ್ರು," ಎಂದಳು. "ಬೆಳಗಿನಿಂದ ಹೊತ್ಕೊಂಡು ತಿರುಗ್ತಿದ್ದೀನಿ. ಎಲ್ಲಿ ಸ್ವಾಮಿ ಇಷ್ಟೊತ್ತು ಹೋಗಿದ್ರಿ ನೀವೆಲ್ಲ?"

ಹೇಳಿ ನಗತೊಡಗಿದಳು. ಸಭ್ಯರ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗೆ.

"ಫಾದರ್, ಬೀಗದ ಕೈ," ಎಂದು ಒತೀಲಿಯಾ ಕೂಗಿದಳು. ಪಾದ್ರಿ ಬೀಗದ ಕೈ ಎಸೆದರು. ಎಸೆದದ್ದಲ್ಲದೆ, ಗಂಟೆಯ ಕಡೆ ಹೋಗುತ್ತಿದ್ದವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು. ಅವರ ಬೂಟಿಗೆ ದಾರವೇ ಇರಲಿಲ್ಲ.

ಆಮೇಲೆ ಆದದ್ದನ್ನು ಏನೆಂದು ಹೇಳುವುದು. ಬಕೆಟ್ಟುಗಳು ಹೊರಗೆ ಬಂದವು. ಮೊದಲ ಬಕೆಟ್ಟು ಮೇಯರಿಗೆ ಸಂದಿತು. ಅವರ ಭಾಷಣಕ್ಕೆ ಕೊನೆಗೂ ಒಂದು ಮುಕ್ತಾಯ ಸಿಕ್ಕಿತು. ವಿಶ್ವವಿದ್ಯಾಲಯದವರು ಕುರ್ಚಿಯನ್ನು ಕೊಡೆಯ ಹಾಗೆ ತಲೆಯ ಮೇಲೆ ಹಿಡಿದು ಓಡಿದರು, ಬಾವಿಯ ಹತ್ತಿರ ಸಿಕ್ಕಿಬಿದ್ದರು. ಕಾನ್ಸುಲೇಟಿನ ತರುಣ ಮೊದಲು ನೆನೆದು, ಆಮೇಲೆ ಕೋಟು ಬಿಚ್ಚಿಟ್ಟು ಬಕೆಟ್ಟು ಹಿಡಿದ. ಅಕಾರ್ಡಿಯನ್ನಿನವನು ತನ್ನ ವಾದ್ಯವನ್ನು ಒಲೆಯ ಪಕ್ಕ ಬಚ್ಚಿಟ್ಟು ಬಂದು ಬರಿಗೈಯಲ್ಲೇ ನೀರು ಎರಚಿದ. ಬೊಗುಮಿಲಾ ಎರಡನೇ ಟವೆಲ್ಲೂ ಒದ್ದೆಯಾಗುವಷ್ಟು ಸುರಿಸಿಕೊಂಡಳು. ಒತೀಲಿಯಾ ಅವಳಿಗೆ ಒಂದು ಹಾಕಿ ಹೋದವಳು, ಮನಸ್ಸು ತಡೆಯದೆ ತಿರುಗಿ ಬಂದು ಇನ್ನೊಂದು ಹಾಕಿದಳು.

ಇಷ್ಟರ ನಡುವೆ ಒಬ್ಬಳು ಮಾತ್ರ ಗೋಡೆಗೆ ಒರಗಿ ನಿಂತು ನಗುತ್ತಿದ್ದಳು. ಜೆನೊವೇವಾಳ ಹತ್ತಿರ ಯಾರೂ ಹೋಗಲಿಲ್ಲ. ಅಪ್ಪಣೆ ಕೊಟ್ಟವಳು ಎಂಬ ಅಳುಕಲ್ಲ. ಅವಳ ಮೇಲೆ ನೀರು ಹಾಕುವುದು ಲಾದಿಸ್ಲಾವನ ಹಕ್ಕು, ಇಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಇವತ್ತು ಮುಟ್ಟಲು ಯಾರಿಗೂ ಮನಸ್ಸು ಬರಲಿಲ್ಲ.

ಬೊಗುಮಿಲಾ ಕನ್ನಡಕ ಒರೆಸಿಕೊಳ್ಳುತ್ತ ಅವಳ ಪಕ್ಕಕ್ಕೆ ಬಂದಳು.

"ನೀವು ಗೆನ್ಯಾ ಅಲ್ವಾ? ಪ್ರತಿ ವರ್ಷ ಈ ದಿನ ನನಗೆ ಫೋನ್ ಮಾಡ್ತಿದ್ರು. ಇವತ್ತು ತಂಗೀನ ಎಲ್ಲಿ ಹಿಡಿದೆ ಅಂತ ಹೇಳಿ ಹೇಳಿ ನಗೋರು. ಹೋದ ವರ್ಷ ಕೋಳಿಗೂಡು."

"ಹೂಂ. ಕೋಳಿಗಳು ಆಮೇಲೆ ಒಂದು ವಾರ ಮೊಟ್ಟೆ ಇಡಲಿಲ್ಲ."

"ಈ ಸಲ ಯಾರು ಹಾಕಿದ್ರು?"

ಜೆನೊವೇವಾ ತನ್ನ ಒಣ ತೋಳನ್ನು ಒಮ್ಮೆ ಸವರಿಕೊಂಡಳು.

"ಯಾರೂ ಇಲ್ಲ," ಎಂದಳು. "ಇನ್ಯಾರು ಹಾಕ್ತಾರೆ. ಬೆಳಗ್ಗೆ ಕಿಟಕಿ ತೆಗೆದಿಟ್ಟಿದ್ದೆ ನಾನು. ಹುಚ್ಚಿ."

ಬೊಗುಮಿಲಾ ಅವಳ ಕೈಯಿಂದ ನೀಲಿ ಮಗ್ಗನ್ನು ಮೆಲ್ಲಗೆ ಬಿಡಿಸಿಕೊಂಡು ಹೋದಳು. ಜೆನೊವೇವಾ ಗೋಡೆ ಬಿಟ್ಟು ಸ್ವಲ್ಪ ಮುಂದಕ್ಕೆ ಬಂದು, ಜನರ ಆಟ ನೋಡುತ್ತ ನಿಂತಳು. ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಅವಳು ತಿರುಗಲಿಲ್ಲ. ಯಾರದೋ ಬೆರಳು ಅವಳ ಕಾಲರನ್ನು ಹಿಂದಕ್ಕೆ ಎಳೆಯಿತು, ತಣ್ಣನೆಯ ಮಳೆನೀರು ಬೆನ್ನುಮೂಳೆಯುದ್ದಕ್ಕೂ ಸೊಂಟದವರೆಗೆ ಇಳಿಯಿತು, ತಲೆಯ ಮೇಲಲ್ಲ, ಬೆನ್ನಿನೊಳಕ್ಕೆ, ಅವನು ಹಾಕುತ್ತಿದ್ದ ಹಾಗೇ.

ಜೆನೊವೇವಾ ಊರಿಗೆಲ್ಲ ಕೇಳುವಂತೆ ಕಿರುಚಿದಳು. ಪ್ರತಿ ವರ್ಷ ಕಿರುಚುತ್ತಿದ್ದ ಅದೇ ಕಿರುಚು. ಬಕೆಟ್ಟು ಹಿಡಿದವರೆಲ್ಲ ನಿಂತು ತಿರುಗಿ ನೋಡಿದರು. ಅವಳು ಬೊಗುಮಿಲಾಳನ್ನು ತಬ್ಬಿಕೊಂಡು, ಒದ್ದೆ ಕೋಟಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು, ಅಳುತ್ತಲೇ ಅಣ್ಣನನ್ನು ಬೈಯುತ್ತಿದ್ದಳು.

"ಅದನ್ನೂ ಹೇಳಿಕೊಟ್ಟಿದ್ದಾನಾ ಆ ಪಾಪಿ? ಕಾಲರ್ ಎಳೆಯೋದೂ?"

"ಅದೇ ಮುಖ್ಯ ಅಂತಿದ್ರು."

ಸ್ವಲ್ಪ ಹೊತ್ತಾದ ಮೇಲೆ ಬೊಗುಮಿಲಾ ಒಣ ಸ್ವೆಟರನ್ನು ತಾನು ಹಾಕಿಕೊಳ್ಳದೆ ಜೆನೊವೇವಾಳ ಹೆಗಲಿಗೆ ಹೊದಿಸಿದಳು.

"ಬರೋ ವರ್ಷ ಇಬ್ಬರು ಸಾಲಲ್ಲ," ಎಂದಳು. "ನಾಲ್ಕು ಜನರನ್ನ ಕಳಿಸ್ತೀನಿ. ನಿಮ್ಮಲ್ಲಿ ಜಾಗ ಇದೆಯಾ?"

"ಜಾಗಕ್ಕೇನಮ್ಮ. ಬಟ್ಟೆ ಜಾಸ್ತಿ ಕೊಟ್ಟು ಕಳಿಸಿ."

ಆಗ ಯಾರಿಗೋ ಫಲಕದ ನೆನಪಾಯಿತು. ಪರದೆಯನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಮೇಯರು ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಭಾಷಣವಿಲ್ಲದೆ, ದಾರವನ್ನು ಜಗ್ಗಿದರು. ಹಿತ್ತಾಳೆಯ ಮೇಲೆ ಲಾದಿಸ್ಲಾವ್ ಕುಲಿಕ್ ಎಂಬ ಹೆಸರು ಬಿಸಿಲಿಗೆ ಹೊಳೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು; ಒದ್ದೆ ಕೈಗಳು, ಸದ್ದು ಸರಿಯಾಗಿ ಬರಲಿಲ್ಲ. ಪಾದ್ರಿ ಇಲ್ಲದ ದಾರ ಕಟ್ಟಿ ಮುಗಿಸಿ ಎದ್ದು, ಇನ್ನು ತಡೆಯುವುದಕ್ಕೆ ಆಗುವುದಿಲ್ಲ ಎನ್ನುವ ಹಾಗೆ ಜೆನೊವೇವಾಳ ಮುಖ ನೋಡಿದರು.

"ಒಂದು ನಿಮಿಷ ಫಾದರ್," ಎಂದಳು ಅವಳು.

ಪೀಪಾಯಿಯ ತಳದಲ್ಲಿ ಉಳಿದದ್ದನ್ನು ನೀಲಿ ಮಗ್ಗಿನಲ್ಲಿ ಬಳಿದುಕೊಂಡು ಬಂದಳು. ಫಲಕದ ಮುಂದೆ ನಿಂತು, ಹೆಸರನ್ನು ಕಣ್ಣು ತುಂಬ ಓದಿಕೊಂಡಳು.

"ಎಲ್ಲರೂ ನೆಂದಾಯ್ತು," ಎಂದಳು. "ನೀನೊಬ್ನೇ ಯಾಕಪ್ಪ ಒಣಗಿರ್ತೀಯ?"

ಮಗ್ಗಿನ ನೀರನ್ನೆಲ್ಲ ಅಣ್ಣನ ಹೆಸರಿನ ಮೇಲೆ ಎರಚಿದಳು. ಆಮೇಲೆ ಹನ್ನೆರಡರ ಗಂಟೆ ಹೊಡೆಯಿತು.